ಕೋವಿಯ ಸದ್ದಿಗೆ ಕಿವಿ ಕಾಯುವುದು ಹೇಗೆ: ಪ್ಲಗ್, ಮಫ್ ಆರಿಸುವುದರಿಂದ ಕೂರಿಸುವವರೆಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬೆಳೆ ರಕ್ಷಣೆಗೆಂದು ಪರವಾನಗಿ ಕೋವಿ ಇಟ್ಟುಕೊಂಡ ಮನೆಗಳು ಸಾಕಷ್ಟಿವೆ. ಕರಾವಳಿಯ ಕಾಲೇಜುಗಳ ಹುಡುಗ ಹುಡುಗಿಯರು ಎನ್‌ಸಿಸಿಯಲ್ಲಿ .22 ರೈಫಲ್ ಹಿಡಿಯುತ್ತಾರೆ. ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಗೆ ಹೆಸರು ಕೊಡುವವರೂ ಇದ್ದಾರೆ. ಗುರಿ, ಉಸಿರು, ಟ್ರಿಗರ್ ಬಗ್ಗೆ ಇವರಿಗೆಲ್ಲ ಪಾಠ ಆಗಿರುತ್ತದೆ. ಕಿವಿಯ ಪಾಠ ಮಾತ್ರ ‘ಸ್ವಲ್ಪ ಹತ್ತಿ ಇಟ್ಕೊಳ್ಳಿ’ ಎಂಬಲ್ಲಿಗೆ ಮುಗಿದುಹೋಗುತ್ತದೆ. ಹತ್ತಿಯ ಎಳೆಗಳ ನಡುವೆ ಗಾಳಿ ಹೇಗೆ ನುಸುಳುತ್ತದೋ ಸದ್ದೂ ಹಾಗೇ ನುಸುಳುತ್ತದೆ. ಅದು ತಡೆಯುವುದು ಬೆರಳೆಣಿಕೆಯ ಡೆಸಿಬಲ್ (ಸದ್ದಿನ ಅಳತೆ) ಅಷ್ಟೇ. ಸಿಗರೇಟಿನ ಫಿಲ್ಟರ್, ಖಾಲಿ ಕಾಡತೂಸು, ಒದ್ದೆ ಕಾಗದ ಇವೂ ಅದೇ ಜಾತಿಗೆ ಸೇರಿದವು.

ಪ್ಲಗ್ ಎಂದರೆ ಕಿವಿಯ ನಾಳದೊಳಗೆ ಕೂರಿಸುವ ಬಿರಡೆ, ಮಫ್ ಎಂದರೆ ತಲೆಪಟ್ಟಿಯ ಎರಡು ತುದಿಗೆ ಇರುವ, ಇಡೀ ಕಿವಿ ಮುಚ್ಚುವ ಬಟ್ಟಲು. ಅಂಗಡಿಗೆ ಹೋಗುವ ಮೊದಲೇ ಒಂದು ಮಾತು ತಲೆಯಲ್ಲಿರಲಿ. ದುಬಾರಿ ಸಾಧನ ಸಡಿಲವಾಗಿ ಕೂತರೆ ಅದಕ್ಕಿಂತ ಸರಿಯಾಗಿ ಕೂತ ಅಗ್ಗದ ಫೋಮ್ ಪ್ಲಗ್ಗೇ ಮೇಲು. ಹಾಗಾಗಿ ಈ ಬರಹದಲ್ಲಿ ಯಾವುದನ್ನು ಕೊಳ್ಳಬೇಕು ಎಂಬುದರಷ್ಟೇ ಜಾಗ ಅದನ್ನು ಕೂರಿಸುವುದಕ್ಕೂ ಹೋಗಿದೆ.

ಯಾವ ಕೋವಿ, ಎಷ್ಟು ಸದ್ದು

ಡೆಸಿಬಲ್ ಲೆಕ್ಕ ಅಡಿಕೆ ಕ್ವಿಂಟಲಿನ ಲೆಕ್ಕದಂತೆ ನೇರವಾಗಿ ಏರುವುದಿಲ್ಲ. 3 ಡೆಸಿಬಲ್ ಹೆಚ್ಚಾದರೆ ಸದ್ದಿನ ಶಕ್ತಿ ಇಮ್ಮಡಿ, 10 ಹೆಚ್ಚಾದರೆ ಹತ್ತು ಪಟ್ಟು. 140 ಮತ್ತು 160ರ ನಡುವಿನ ಅಂತರ ನೂರು ಪಟ್ಟು.

ಈಡಿನಂತಹ ಸಿಡಿತದ ಸದ್ದಿಗೆ ದೊಡ್ಡವರ ಕಿವಿಯ ಮಟ್ಟಿಗೆ ಜಗತ್ತಿನ ಬಹುಪಾಲು ಕಡೆ ಒಪ್ಪಿಕೊಂಡಿರುವ ಗೆರೆ 140 ಡೆಸಿಬಲ್. ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ 120ರಲ್ಲೇ ಗೆರೆ ಎಳೆದಿದೆ. ಗೆರೆ ದಾಟಿದ ಸದ್ದು ಒಂದೇ ಸಲ ಬಡಿದರೂ ಒಳಗಿವಿಯ ಕೂದಲಿನಂತಹ ಜೀವಕೋಶಗಳು ಮುರಿದು ಬೀಳಬಹುದು. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಜೋರು ಸದ್ದಿಗೆ ಕಿವಿಯ ಒಳಗಿನ ಸಣ್ಣ ಸ್ನಾಯು ತಾನಾಗಿ ಬಿಗಿದುಕೊಂಡು ಸ್ವಲ್ಪ ತಡೆಯುವುದೇನೋ ನಿಜ. ಆದರೆ ಅದು ಬಿಗಿದುಕೊಳ್ಳುವಷ್ಟರಲ್ಲಿ ಈಡಿನ ಸದ್ದು ಕಿವಿ ದಾಟಿ ಹೋಗಿರುತ್ತದೆ.

.22 ರೈಫಲ್ ಈ 140ರ ಆಸುಪಾಸಿನಲ್ಲೇ ಸುಳಿಯುತ್ತದೆ. ಅದೇ .22 ತೋಟೆಯನ್ನು ಪಿಸ್ತೂಲಿನಲ್ಲಿ ಹಾರಿಸಿದರೆ 150ರ ಹತ್ತಿರ ಹೋಗುತ್ತದೆ, ಏಕೆಂದರೆ ನಳಿಗೆ ಗಿಡ್ಡವಾದಷ್ಟೂ ಬಾಯಿ ಕಿವಿಗೆ ಹತ್ತಿರ ಬರುತ್ತದೆ. 12 ಬೋರ್ ತೋಟೆ ಕೋವಿ, ಒಂಟಿ ನಳಿಗೆಯಾಗಲಿ ಜೋಡಿಯಾಗಲಿ, 150ರಿಂದ 160. ಸೈನಿಕ ಮಾದರಿಯ ರೈಫಲ್ ಮತ್ತು 9 ಎಂಎಂ ಪಿಸ್ತೂಲು 160ರ ಸುತ್ತಮುತ್ತ. ಕೇಪಿನ ಕೋವಿಗೆ ಒಂದೇ ಸಂಖ್ಯೆ ಹೇಳಲಾಗದು. ನಳಿಗೆಗೆ ಮಸಿ (ಮದ್ದಿನ ಪುಡಿ) ತುಂಬುವವರ ಕೈ ಅಳತೆಯ ಮೇಲೆ ಅದು ಹೋಗುತ್ತದೆ, ಆದ್ದರಿಂದ ಅದನ್ನೂ ತೋಟೆ ಕೋವಿಯ ಸಾಲಿಗೇ ಸೇರಿಸಿ. .177 ಏರ್ ರೈಫಲ್ ಮಾತ್ರ ಗೆರೆಗಿಂತ ಬಹಳ ಕೆಳಗಿದೆ. 10 ಮೀಟರ್ ಏರ್ ರೈಫಲ್ ಆಡುವವರು ಪ್ಲಗ್ ಹಾಕುವುದು ಹೆಚ್ಚಾಗಿ ಪಕ್ಕದವರ ಟಪ್ ಟಪ್ ಕೇಳದೆ ಮನಸ್ಸು ನಿಲ್ಲಲಿ ಎಂದು.

ಜಾಗದ ಲೆಕ್ಕವೂ ಇದೆ. ಬಯಲಲ್ಲಿ ಹಾರಿಸಿದ ಈಡು ಒಮ್ಮೆ ಬಡಿದು ಹೋಗುತ್ತದೆ. ತಗಡಿನ ಮಾಡು, ಮೂರು ಬದಿ ಚಿರೆಕಲ್ಲಿನ ಗೋಡೆ ಇರುವ ಶೆಡ್ಡಿನಲ್ಲಿ ಅದೇ ಈಡು ಗೋಡೆಗೆ, ಮಾಡಿಗೆ ಬಡಿದು ಮತ್ತೆ ಮತ್ತೆ ಕಿವಿಗೆ ಬರುತ್ತದೆ. ಇನ್ನು ಒಂದು ಸಾಲಿನಲ್ಲಿ ಎಂಟು ಮಂದಿ ಮಲಗಿ ತಲಾ ಐದು ಗುಂಡು ಹೊಡೆದರೆ ನಿಮ್ಮ ಕಿವಿಗೆ ಬೀಳುವುದು ನಲವತ್ತು. ಎಷ್ಟೋ ಸಲ ನಿಮ್ಮ ಕೋವಿಗಿಂತ ಪಕ್ಕದವನ ಕೋವಿಯೇ ಹೆಚ್ಚು ಕೆಡುಕು ಮಾಡುತ್ತದೆ. ಅವನು ಯಾವಾಗ ಹೊಡೆಯುತ್ತಾನೆಂದು ನಿಮಗೆ ಗೊತ್ತಿರುವುದಿಲ್ಲ.

ಬಲಗೈಯವರು ಉದ್ದ ಕೋವಿಗೆ ಕೆನ್ನೆ ಕೊಟ್ಟಾಗ ಬಲಗಿವಿ ತಲೆಯ ಮರೆಗೆ ಸರಿಯುತ್ತದೆ, ಎಡಗಿವಿ ನಳಿಗೆಯ ಬಾಯಿಗೆ ಎದುರಾಗುತ್ತದೆ. ಹಳೆಯ ಶಿಕಾರಿಯವರು ಫೋನನ್ನು ಬಲಗಿವಿಗೇ ಹಿಡಿಯುತ್ತಿದ್ದರೆ ಕಾರಣ ಇದಾಗಿರಬಹುದು. ಪ್ಲಗ್ ಕೂರಿಸುವಾಗ ಎಡಗಿವಿಗೆ ಒಂದು ಗಳಿಗೆ ಹೆಚ್ಚು ಕೊಡಿ. ಎಡಗೈಯವರಿಗೆ ಇದು ತಿರುಗುಮುರುಗು.

ಪ್ಯಾಕೆಟ್ಟಿನ ಮೇಲಿನ ಸಂಖ್ಯೆಯನ್ನು ಓದುವುದು

ನಮ್ಮಲ್ಲಿ ಸಿಗುವ ಸಾಧನಗಳ ಮೇಲೆ, ಎಷ್ಟು ಡೆಸಿಬಲ್ ತಡೆಯುತ್ತದೆ ಎಂದು ಹೇಳುವ ಎರಡು ಸಂಖ್ಯೆಗಳಲ್ಲಿ ಸಾಮಾನ್ಯವಾಗಿ ಒಂದು ಇರುತ್ತದೆ. ಎನ್‌ಆರ್‌ಆರ್ ಅಮೆರಿಕದ ಲೆಕ್ಕ, ಎಸ್‌ಎನ್‌ಆರ್ ಯುರೋಪಿನದು. ಅಳೆಯುವ ಕ್ರಮ ಬೇರೆಯಾದ್ದರಿಂದ ಒಂದೇ ವಸ್ತುವಿಗೆ ಎಸ್‌ಎನ್‌ಆರ್ ಸಾಮಾನ್ಯವಾಗಿ ದೊಡ್ಡದಾಗಿ ಕಾಣುತ್ತದೆ. ತ್ರೀ ಎಂ ಕಂಪನಿಯ ದಾರವಿರುವ 1110 ಫೋಮ್ ಪ್ಲಗ್ಗಿಗೆ ಎನ್‌ಆರ್‌ಆರ್ 29, ಎಸ್‌ಎನ್‌ಆರ್ 37. ಅದೇ ಕಂಪನಿಯ ಪೆಲ್ಟರ್ ಎಕ್ಸ್5ಎ ಮಫ್ಫಿಗೆ 31 ಮತ್ತು 37. ಒಂದರ ಎನ್‌ಆರ್‌ಆರ್ ಜೊತೆ ಇನ್ನೊಂದರ ಎಸ್‌ಎನ್‌ಆರ್ ಹೋಲಿಸಿ ‘ಇದೇ ಗಟ್ಟಿ’ ಎಂದುಕೊಳ್ಳುವುದು ಆನ್‌ಲೈನ್ ಖರೀದಿಯಲ್ಲಿ ಆಗುವ ಸಾಮಾನ್ಯ ತಪ್ಪು. ಎರಡೂ ಸಂಖ್ಯೆ ಇಲ್ಲದ ವಸ್ತುವನ್ನು, ಫೋಟೋ ಎಷ್ಟೇ ಚೆಂದವಿದ್ದರೂ, ಬಿಟ್ಟುಬಿಡಿ.

ಇನ್ನು ಆ ಸಂಖ್ಯೆ ಪೂರ್ತಿಯಾಗಿ ನಿಮ್ಮ ಕಿವಿಗೆ ಬರುವುದಿಲ್ಲ. ಅದು ಪ್ರಯೋಗಾಲಯದಲ್ಲಿ, ಹೇಳಿಕೊಟ್ಟು ಕೂರಿಸಿ ಅಳೆದದ್ದು. ಅಮೆರಿಕದ ಕಾರ್ಖಾನೆ ಸುರಕ್ಷತೆಯವರು ಬಳಸುವ ಒರಟು ಲೆಕ್ಕ ಹೀಗಿದೆ: ಎನ್‌ಆರ್‌ಆರ್‌ನಿಂದ 7 ಕಳೆದು ಅರ್ಧ ಮಾಡಿ. 29ರ ಪ್ಲಗ್ಗಿಗೆ 22ರ ಅರ್ಧ, ಅಂದರೆ 11. ಪ್ಲಗ್ಗಿನ ಮೇಲೆ ಮಫ್ ಕೂಡ ಹಾಕಿದರೆ ಇನ್ನೊಂದು 5 ಸೇರಿಸಿ, 16. ಈಗ 155ರ ತೋಟೆ ಕೋವಿಗೆ ಹಚ್ಚಿ ನೋಡಿ. ಬರೀ ಪ್ಲಗ್ ಇದ್ದರೆ 144, ಎರಡೂ ಇದ್ದರೆ 139. ಈ ಸೂತ್ರ ಇಡೀ ದಿನ ಒಂದೇ ಸಮ ಮೊರೆಯುವ ಯಂತ್ರದ ಸದ್ದಿಗೆ ಮಾಡಿದ್ದು, ಈಡಿಗೆ ಅಂದಾಜು ಮಾತ್ರ. ಸರಿಯಾಗಿ ಕೂರಿಸಿದವರಿಗೆ ಇದಕ್ಕಿಂತ ಚೆನ್ನಾಗಿಯೇ ತಡೆ ಸಿಗುತ್ತದೆ, ತುದಿ ತುರುಕಿಕೊಂಡವರಿಗೆ 11 ಕೂಡ ಸಿಗದು.

ಎರಡು ಹಾಕಿದರೆ 29ಕ್ಕೆ 31 ಕೂಡಿ 60 ಆಗಬೇಕಲ್ಲ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಕಿವಿಯ ಬಾಯಿ ಪೂರ್ತಿ ಮುಚ್ಚಿದರೂ ಸದ್ದು ತಲೆಬುರುಡೆಯ ಮೂಳೆಯ ಮೂಲಕ ಒಳಗಿವಿಗೆ ಹೋಗುತ್ತಲೇ ಇರುತ್ತದೆ. ಸುಮಾರು 40ರಿಂದ 50 ಡೆಸಿಬಲ್ ತಡೆಯುವ ಹೊತ್ತಿಗೆ ಆ ದಾರಿಯೇ ಮುಖ್ಯವಾಗುತ್ತದೆ.

ಫೋಮ್ ಪ್ಲಗ್: ಅಗ್ಗ, ಆದರೆ ಕೂರಿಸಲು ಕಲಿಯಬೇಕು

ಒಂದೆರಡು ಚಹಾದ ದುಡ್ಡಿಗೆ ಒಂದು ಜೊತೆ ಸಿಗುತ್ತದೆ. ಉತ್ತರ ಕನ್ನಡ ಜಿಲ್ಲೆಯಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರ, ದಾಂಡೇಲಿಯ ಕಾಗದ ಕಾರ್ಖಾನೆ ಇರುವುದರಿಂದ ಇದನ್ನು ಕಂಡವರು ಹಲವರಿದ್ದಾರೆ. ಹೆಲ್ಮೆಟ್, ಕೈಗವಸು ಮಾರುವ ಸುರಕ್ಷತಾ ಸಾಮಗ್ರಿ ಅಂಗಡಿಯಲ್ಲಿ ಕೇಳಿ, ಮೆಡಿಕಲ್ ಶಾಪಿನಲ್ಲಿ ಬೇಡ. ಅಲ್ಲಿ ಸಿಗುವುದು ಹೆಚ್ಚಾಗಿ ಈಜಿಗೆ ಅಥವಾ ನಿದ್ದೆಗೆ ಮಾಡಿದ ಸಿಲಿಕೋನ್, ಮೇಣದ ಉಂಡೆ.

ಈಗ ಕೂರಿಸುವುದು. ಹೊಸಬರು ಮನೆಯಲ್ಲಿ ಕನ್ನಡಿ ಮುಂದೆ ನಾಲ್ಕೈದು ಸಲ ಮಾಡಿ ಕಲಿತು ಹೋಗಿ, ಫೈರಿಂಗ್ ಸಾಲಿನಲ್ಲಿ ನಿಂತು ಕಲಿಯುವ ವಿದ್ಯೆ ಇದಲ್ಲ.

1. ತೋಟೆ, ಕೋವಿ ಮುಟ್ಟುವ ಮೊದಲೇ ಪ್ಲಗ್ ಹಾಕಿ. ಗುಂಡಿನ ಸೀಸ, ಮಸಿ, ಎಣ್ಣೆ ಬೆರಳಿನಿಂದ ಫೋಮಿಗೆ, ಅಲ್ಲಿಂದ ಕಿವಿಗೆ ಹೋಗುತ್ತದೆ. ಮುಟ್ಟಿದ್ದರೆ ಸೋಪಿನಲ್ಲಿ ಕೈ ತೊಳೆದು, ಪೂರ್ತಿ ಒರೆಸಿ. ಒದ್ದೆ ಕೈಯಲ್ಲಿ ಫೋಮ್ ಉರುಳಿಸಿದರೆ ಜಾರುತ್ತದೆ.

2. ಹೆಬ್ಬೆರಳು, ತೋರುಬೆರಳಿನ ನಡುವೆ ಇಟ್ಟು ನಿಧಾನ ಹೊಸೆಯಿರಿ. ದೀಪದ ಬತ್ತಿ ಹೊಸೆಯಲು ಬರುವವರಿಗೆ ಇದು ಸಲೀಸು. ಮೊದಲು ಹಗುರ, ಆಮೇಲೆ ಬಿಗಿ. ಕಡ್ಡಿಯಷ್ಟು ಸಪೂರವಾಗಬೇಕು, ಮೇಲೆ ಒಂದೂ ಮಡಿಕೆ ಇರಬಾರದು. ಮಡಿಕೆ ಉಳಿದರೆ ಒಳಗೆ ಹೋದ ಮೇಲೂ ಅದು ಸಣ್ಣ ಕಾಲುವೆಯಾಗಿ ಉಳಿದು ಸದ್ದನ್ನು ಹರಿಸುತ್ತದೆ.

3. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿನಿಂದ ತಂದು ಕಿವಿಯ ಮೇಲಂಚನ್ನು ಹಿಡಿದು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಕಿವಿಯ ನಾಳ ನೆಟ್ಟಗಿಲ್ಲ, ಡೊಂಕಾಗಿದೆ. ಎಳೆದಾಗ ನೆಟ್ಟಗಾಗುತ್ತದೆ. ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದೇ.

4. ಹೊಸೆದ ತಕ್ಷಣ ಒಳಗೆ ತಳ್ಳಿ, ಬೆರಳ ತುದಿಯಿಂದ ಒತ್ತಿ ಹಿಡಿದು ನಿಧಾನ ಮೂವತ್ತು ನಲವತ್ತರವರೆಗೆ ಎಣಿಸಿ. ಹಿಗ್ಗುತ್ತಿರುವ ಫೋಮ್ ಹೊರಗೆ ಜಾರುವುದು ಈ ಅರ್ಧ ನಿಮಿಷದಲ್ಲೇ.

5. ಎರಡೂ ಕಿವಿ ಮುಗಿದ ಮೇಲೆ ಪರೀಕ್ಷೆ. ನಿಮ್ಮ ಹೆಸರನ್ನು ನೀವೇ ಗಟ್ಟಿಯಾಗಿ ಹೇಳಿ, ಬಚ್ಚಲ ಹಂಡೆಯೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಗುಮ್ಮೆನ್ನಬೇಕು, ಎರಡೂ ಕಡೆ ಸಮನಾಗಿ. ಇನ್ನೊಂದು: ಸುತ್ತ ಸದ್ದಿರುವಾಗ, ಹೇಳಿ ಮಿಕ್ಸರ್ ಓಡುವಾಗ, ಎರಡು ಅಂಗೈಯಿಂದ ಕಿವಿ ಬಿಗಿಯಾಗಿ ಮುಚ್ಚಿ, ತೆಗೆಯಿರಿ. ಮುಚ್ಚಿದಾಗಲೂ ತೆಗೆದಾಗಲೂ ಸದ್ದು ಹೆಚ್ಚುಕಡಿಮೆ ಒಂದೇ ಇದ್ದರೆ ಪ್ಲಗ್ ಸರಿಯಾಗಿ ಕೂತಿದೆ. ಮುಚ್ಚಿದಾಗ ಸದ್ದು ಚೆನ್ನಾಗಿ ತಗ್ಗಿದರೆ ಸೋರುತ್ತಿದೆ ಎಂದೇ ಅರ್ಥ. ತೆಗೆದು ಮತ್ತೆ ಹಾಕಿ. ಅರ್ಧ ಕೂತದ್ದನ್ನು ಹಾಗೇ ಒತ್ತಿದರೆ ಒಳಗೆ ಹೋಗುವುದಿಲ್ಲ, ಮುರುಟಿಕೊಳ್ಳುತ್ತದೆ.

ಕನ್ನಡಿಯಲ್ಲಿ ಎದುರಿನಿಂದ ನೋಡಿದಾಗ ಪ್ಲಗ್ಗಿನ ಬಣ್ಣದ ತುದಿ ಕಿವಿಯಿಂದ ಹೊರಗೆ ಚಾಚಿ ಕಾಣುತ್ತಿದ್ದರೆ ಅದು ಸಾಕಷ್ಟು ಒಳಗೆ ಹೋಗಿಲ್ಲ.

ಕರಾವಳಿಯ ಸೆಕೆಗೆ ಒಂದು ವಿಶೇಷ ತೊಂದರೆ ಇದೆ. ಈ ಫೋಮ್ ಬಿಸಿಯಾದಷ್ಟೂ ಬೇಗ ಹಿಗ್ಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಿದ್ದ ಪ್ಲಗ್ ಹೊಸೆದು ಕಿವಿಗೆ ತರುವಷ್ಟರಲ್ಲಿ ಅರ್ಧ ಉಬ್ಬಿರುತ್ತದೆ. ‘ಈ ಪ್ಲಗ್ ನನ್ನ ಕಿವಿಗೆ ದೊಡ್ಡದು’ ಎಂದು ಬಿಸಾಡುವವರಲ್ಲಿ ಎಷ್ಟೋ ಮಂದಿಯ ಸಮಸ್ಯೆ ಬರೀ ಶಾಖ. ನೀರಿನ ಬಾಟಲಿಯ ಜೊತೆ, ನೆರಳಿನಲ್ಲಿ ಇಡಿ.

ಎರಡನೆಯದು ಎಣ್ಣೆ. ಎಣ್ಣೆ ಸ್ನಾನ ಮಾಡಿದ ದಿನ ಕಿವಿಯೊಳಗೆ ಕೊಬ್ಬರಿ ಎಣ್ಣೆಯ ಪಸೆ ಇದ್ದರೆ ಯಾವ ಪ್ಲಗ್ಗೂ ನಿಲ್ಲದು. ಗುಗ್ಗೆ ತುಂಬಿದ್ದರೆ ಪ್ಲಗ್ ಅದನ್ನು ಇನ್ನಷ್ಟು ಒಳಗೆ ತಳ್ಳುತ್ತದೆ. ಹೇರ್‌ಪಿನ್, ಬೆಂಕಿಕಡ್ಡಿ ಹಾಕಿ ಕೆದಕದೆ ವೈದ್ಯರಿಂದ ತೆಗೆಸಿ. ಕಿವಿ ಸೋರುತ್ತಿದ್ದರೆ, ಅಥವಾ ನಮ್ಮ ಮಳೆಗಾಲದಲ್ಲಿ ಕಾಡುವ ಬೂಸಲಿನ ತುರಿಕೆ ಇದ್ದರೆ, ಪ್ಲಗ್ ಹಾಕಲೇಬೇಡಿ. ವಾಸಿಯಾಗುವವರೆಗೆ ರೇಂಜೂ (ಗುಂಡು ಹಾರಿಸುವ ಜಾಗ) ಬೇಡ.

ನಾಳ ಸಣ್ಣದಿರುವವರಿಗೆ ಸಣ್ಣ ಅಳತೆಯ ಪ್ಲಗ್ ಬೇಕು. ಒಂದೇ ತಲೆಯ ಎರಡು ಕಿವಿಗೆ ಎರಡು ಅಳತೆ ಬೇಕಾಗುವುದೂ ಉಂಟು. ಹೊಸೆಯುವುದೇ ಆಗದು ಎನ್ನುವವರಿಗೆ ಮೂರು ಕೊಡೆಯ ಆಕಾರದ ಮೆತ್ತನೆ ಪ್ಲಗ್ ಇದೆ, ತ್ರೀ ಎಂ ಅಲ್ಟ್ರಾಫಿಟ್ ಅಂಥದ್ದು, ಎನ್‌ಆರ್‌ಆರ್ 25. ಸೋಪು ನೀರಲ್ಲಿ ತೊಳೆದು ತಿಂಗಳುಗಟ್ಟಲೆ ಬಳಸಬಹುದಾದ್ದರಿಂದ ಬೆವರುವ ಊರಿಗೆ ಒಳ್ಳೆಯದೇ. ಫೋಮನ್ನು ಮಾತ್ರ ತೊಳೆಯಬೇಡಿ, ಹಿಗ್ಗುವ ಗುಣ ಕೆಡುತ್ತದೆ. ಕೊಳೆಯಾದರೆ ಎಸೆಯಿರಿ.

ವರ್ಷವಿಡೀ ಹಾರಿಸುವವರು ಆಡಿಯಾಲಜಿಸ್ಟ್ (ಶ್ರವಣ ತಜ್ಞ) ಬಳಿ ಕಿವಿಯ ಅಚ್ಚು ತೆಗೆಸಿ ಮಾಡಿಸಿಕೊಳ್ಳಬಹುದು. ಆಗ ‘ಕೋವಿಗೆ’ ಎಂದು ಬಾಯಿಬಿಟ್ಟು ಹೇಳಿ. ಅದೇ ಅಚ್ಚಿನಿಂದ ಸಂಗೀತಗಾರರಿಗೆ ಮಾಡುವ ಪ್ಲಗ್ ಬರೀ ಹತ್ತೋ ಹದಿನೈದೋ ಡೆಸಿಬಲ್ ತಡೆಯುವಂಥದ್ದು.

ಮಫ್: ಸೋರುವ ಜಾಗಗಳು

ಮಫ್ಫಿನ ಗುಣ ಅದರ ಬಟ್ಟಲಿಗಿಂತ ಹೆಚ್ಚಾಗಿ ಕಿವಿಯ ಸುತ್ತ ಚರ್ಮಕ್ಕೆ ಅಂಟುವ ಮೆತ್ತೆಯಲ್ಲಿದೆ. ಇಡೀ ಕಿವಿ ಬಟ್ಟಲೊಳಗೆ ಹೋಗಬೇಕು. ಹಾಲೆಯ ಮೇಲೆ ಮೆತ್ತೆ ಕೂತರೆ ಅಲ್ಲೇ ಸಂದು. ದಪ್ಪ ಓಲೆ, ಜುಮಕಿ ತೆಗೆದಿಡಿ. ಕೂದಲನ್ನು ಮೆತ್ತೆಯ ಕೆಳಗಿಂದ ಹೊರಗೆ ಎಳೆದುಕೊಳ್ಳಿ. ಎನ್‌ಸಿಸಿ ಹುಡುಗಿಯರ ಬಿಗಿ ತುರುಬು, ಕ್ಲಿಪ್ಪುಗಳು ತಲೆಪಟ್ಟಿಯನ್ನು ಎತ್ತಿಹಿಡಿಯುತ್ತವೆ, ತುರುಬನ್ನು ಕೆಳಗೆ ಕಟ್ಟಿ. ಟೋಪಿಯ ಬಟ್ಟೆ ಮೆತ್ತೆಯ ಅಡಿಗೆ ಸಿಗದಿರಲಿ.

ಕನ್ನಡಕ ದೊಡ್ಡ ಕಳ್ಳ. ರೇಂಜಿನಲ್ಲಿ ಕಣ್ಣಿಗೆ ಕನ್ನಡಕ ಬೇಕೇ ಬೇಕು, ಆದರೆ ಅದರ ದಪ್ಪ ಕಾಲು ಮೆತ್ತೆಯನ್ನು ಎತ್ತಿ ಕಡ್ಡಿಯಷ್ಟು ಸಂದು ಬಿಡುತ್ತದೆ. ತೆಳು, ಚಪ್ಪಟೆ ಕಾಲಿನ ಕನ್ನಡಕ ಆರಿಸಿ. ನಿಮ್ಮದು ದಪ್ಪ ಫ್ರೇಮ್ ಆಗಿದ್ದರೆ ಬರೀ ಮಫ್ ನಂಬಬೇಡಿ, ಒಳಗೆ ಪ್ಲಗ್ ಇರಲಿ. ಹಾಕುವ ಕ್ರಮ ಪ್ಲಗ್, ಆಮೇಲೆ ಕನ್ನಡಕ, ಕೊನೆಗೆ ಮಫ್.

ಉದ್ದ ಕೋವಿಯವರು ಮಫ್ ಕೊಳ್ಳುವ ಮೊದಲು ಕೆನ್ನೆ ಕೊಟ್ಟು ನೋಡಬೇಕು. 31ರ ಎಕ್ಸ್5ಎ ತಡೆಯುವುದರಲ್ಲಿ ಗಟ್ಟಿ, ಆದರೆ ಅದರ ಬಟ್ಟಲು ತೆಂಗಿನ ಕರಟದ ಹಾಗೆ ದಪ್ಪ, ತೂಕ 350 ಗ್ರಾಂ. ಬಲಗೈಯವರಿಗೆ ಬಲಬಟ್ಟಲಿನ ಕೆಳಗಿನ ಅಂಚು ಕೋವಿಯ ಹಿಡಿಗೆ ತಾಗುತ್ತದೆ. ತಾಗಿದರೆ ಎರಡರಲ್ಲಿ ಒಂದು ಆಗುತ್ತದೆ: ಬಟ್ಟಲು ಮೇಲೆದ್ದು ಸದ್ದು ಒಳಗೆ ಬರುತ್ತದೆ, ಇಲ್ಲವೇ ನೀವು ತಲೆ ಎತ್ತಿ ಗುರಿ ಕೆಡುತ್ತದೆ. ಮನೆಯಲ್ಲೇ ಮಫ್ ಹಾಕಿಕೊಂಡು, ಖಾಲಿ ಎಂದು ಎರಡು ಸಲ ನೋಡಿದ ಕೋವಿಯನ್ನು, ಅದೂ ಇಲ್ಲದಿದ್ದರೆ ಒಂದು ರೀಪನ್ನು, ಹತ್ತು ಸಲ ಹೆಗಲಿಗೆ ಏರಿಸಿ. ಒಂದೇ ಸಲ ತಾಗಿದರೂ ತೆಳು ಬಟ್ಟಲಿನದಕ್ಕೆ ಹೋಗಿ, ಕಡಿಮೆಯಾದ ಡೆಸಿಬಲ್ಲನ್ನು ಒಳಗಿನ ಪ್ಲಗ್ಗಿನಿಂದ ತುಂಬಿಕೊಳ್ಳಿ. ಪಿಸ್ತೂಲಿನವರಿಗೆ ಈ ತಾಪತ್ರಯ ಇಲ್ಲ, ದಪ್ಪ ಬಟ್ಟಲನ್ನೇ ಕೊಳ್ಳಬಹುದು.

ಎಲೆಕ್ಟ್ರಾನಿಕ್ ಮಫ್ ಬೇಕೇ?

ಹೊರಗೆ ಮೈಕ್, ಒಳಗೆ ಸ್ಪೀಕರ್. ಮಾತು ಕೇಳಿಸುತ್ತದೆ, ಈಡಿನ ಸದ್ದು ಬಂದಾಗ ಮೈಕ್ ತನ್ನನ್ನು ತಗ್ಗಿಸಿಕೊಳ್ಳುತ್ತದೆ. ಹೋವರ್ಡ್ ಲೈಟ್ ಇಂಪ್ಯಾಕ್ಟ್ ಸ್ಪೋರ್ಟ್ ಬಹಳ ಕಡೆ ಕಾಣುವ ಮಾದರಿ: ಎನ್‌ಆರ್‌ಆರ್ 22, ಎರಡು ಟ್ರಿಪಲ್ ಎ ಬ್ಯಾಟರಿ, 82 ಡೆಸಿಬಲ್ ದಾಟಿದ ಸದ್ದನ್ನು ವರ್ಧಿಸುವುದಿಲ್ಲ. ಬಟ್ಟಲು ತೆಳು, ಕೋವಿಗೆ ತಾಗುವುದು ಕಡಿಮೆ.

ತಪ್ಪು ತಿಳಿವಳಿಕೆ ಎಲ್ಲಿದೆಯೆಂದರೆ, ಎಲೆಕ್ಟ್ರಾನಿಕ್ ಎಂದರೆ ಹೆಚ್ಚು ತಡೆ ಎಂದುಕೊಳ್ಳುವುದು. ತಡೆಯುವುದು ಆಗಲೂ ಬಟ್ಟಲು ಮತ್ತು ಮೆತ್ತೆಯೇ. 22 ಎಂದರೆ 22. ಬ್ಯಾಟರಿ ಸತ್ತರೂ ಅಷ್ಟೇ ತಡೆಯುತ್ತದೆ, ಕೇಳಿಸುವುದು ಮಾತ್ರ ನಿಲ್ಲುತ್ತದೆ.

ಅದರ ನಿಜವಾದ ಉಪಯೋಗ ಬೇರೆ. ಒಳಗೆ ಫೋಮ್ ಪ್ಲಗ್ ಹಾಕಿ, ಮೇಲೆ ಎಲೆಕ್ಟ್ರಾನಿಕ್ ಮಫ್ ಹಾಕಿ, ವಾಲ್ಯೂಮ್ ಏರಿಸಿದರೆ ಎರಡು ಪದರದ ತಡೆಯೂ ಸಿಗುತ್ತದೆ, ‘ಖಾಲಿ ಕರ್’ (ಕೋವಿ ಖಾಲಿ ಮಾಡು) ಎಂಬ ಆಜ್ಞೆಯೂ ಪ್ಲಗ್ಗಿನ ಮೂಲಕ ಮೆಲ್ಲಗೆ ಕೇಳುತ್ತದೆ. ದೊಡ್ಡ ಸದ್ದಿನ ಕೋವಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ ಎಂಬುದು ನಮ್ಮ ಅಭಿಪ್ರಾಯ.

ಸ್ಪರ್ಧೆಗೆ ಹೋಗುವವರಿಗೆ ಒಂದು ಎಚ್ಚರಿಕೆ. ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆ ಐಎಸ್‌ಎಸ್‌ಎಫ್ ನಿಯಮದ ಪ್ರಕಾರ ಸ್ಪರ್ಧಿಯ ಕಿವಿ ರಕ್ಷಕದಲ್ಲಿ ಯಾವ ರೀತಿಯ ಗ್ರಾಹಕ ಸಾಧನವೂ ಇರಬಾರದು. ಅಭ್ಯಾಸವನ್ನೂ ಸಾದಾ ಮಫ್‌ನಲ್ಲೇ ಮಾಡಿ, ಇಲ್ಲದಿದ್ದರೆ ಪಂದ್ಯದ ದಿನದ ಮೌನವೇ ಹೊಸತಾಗಿ ಕೈ ನಡುಗೀತು.

ಬ್ಲೂಟೂತ್ ಇಯರ್‌ಬಡ್, ಸದ್ದು ತಗ್ಗಿಸುವ ಹೆಡ್‌ಫೋನ್ ಇವು ಬಸ್ಸಿನ ಮೊರೆತಕ್ಕೆ ಸರಿ. ಇವಕ್ಕೆ ಎನ್‌ಆರ್‌ಆರ್ ಇಲ್ಲ, ಈಡಿನ ವೇಗಕ್ಕೆ ಇವು ಸಿದ್ಧವೂ ಅಲ್ಲ. ಸ್ವಿಚ್ ಆರಿಸಿಟ್ಟ ಶ್ರವಣ ಸಾಧನವೂ ಪ್ಲಗ್ ಅಲ್ಲ. ಸಣ್ಣ ತೂತಿನ ಫಿಲ್ಟರ್ ಪ್ಲಗ್ಗುಗಳು ಬಯಲಲ್ಲಿ ಅಪರೂಪಕ್ಕೊಂದು ಈಡಿಗೆ ಪರವಾಗಿಲ್ಲ, ಸಾಲು ಫೈರಿಂಗಿಗೆ ಸಾಲವು.

ಹಾಗಾದರೆ ಯಾರಿಗೆ ಯಾವುದು

ಬಯಲಲ್ಲಿ .22 ರೈಫಲ್, ದಿನಕ್ಕೆ ಹತ್ತಿಪ್ಪತ್ತು ಗುಂಡು: ಚೆನ್ನಾಗಿ ಕೂತ 29ರ ಫೋಮ್ ಪ್ಲಗ್ ಸಾಕು. ಸಾಲಿನಲ್ಲಿ ಹತ್ತಾರು ಮಂದಿ ಇದ್ದರೆ ಮೇಲೊಂದು ಮಫ್. ತೋಟೆ ಕೋವಿ, ಪಿಸ್ತೂಲು, ಸೈನಿಕ ರೈಫಲ್, ಅಥವಾ ಯಾವುದೇ ಕೋವಿ ಮಾಡಿನ ಅಡಿಯಲ್ಲಿ: ಎರಡೂ, ಯಾವಾಗಲೂ. ಅಮೆರಿಕದ ವೃತ್ತಿ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯಾಶ್ ಕೂಡ ಫೈರಿಂಗ್ ರೇಂಜಿಗೆ ಎರಡು ಪದರವನ್ನೇ ಹೇಳುತ್ತದೆ.

ತೋಟದಲ್ಲಿ ಮಂಗನ ಹಿಂಡನ್ನು ಹೆದರಿಸಲು ಒಂದೇ ಒಂದು ಈಡು ಹಾರಿಸುವವರು ‘ಒಂದಕ್ಕೆ ಯಾಕೆ’ ಎನ್ನುತ್ತಾರೆ. 155 ಡೆಸಿಬಲ್ಲಿಗೆ ಒಂದು ಈಡೂ ಲೆಕ್ಕವೇ. ಅವಸರದಲ್ಲಿ ಫೋಮ್ ಹೊಸೆದು ನಲವತ್ತು ಎಣಿಸುವಷ್ಟು ಹೊತ್ತು ಮಂಗ ಕಾಯುವುದಿಲ್ಲ ಎಂಬುದೂ ಸತ್ಯ. ಅಂಥವರು ಕನಿಷ್ಠ ಮಡಚುವ ಮಫ್ ಒಂದನ್ನು ಕೋವಿಯ ಪಟ್ಟಿಗೇ ನೇತುಹಾಕಿಡಿ, ಎರಡು ಸೆಕೆಂಡಿನ ಕೆಲಸ. ಗರ್ನಾಲು ಹಚ್ಚುವ ಆಳಿಗೂ ಅದೇ.

ಮಕ್ಕಳನ್ನು ನೋಡಲು ಕರೆತಂದರೆ ದೊಡ್ಡವರ ಮಫ್ ಅವರ ತಲೆಗೆ ಬಿಗಿಯಾಗದು. ಮಕ್ಕಳ ಅಳತೆಯದ್ದೇ ಬೇಕು, ಜೊತೆಗೆ ಸಾಲಿನಿಂದ ಬಹಳ ಹಿಂದೆ ನಿಲ್ಲಿಸಬೇಕು. ಕೂಸುಗಳನ್ನು ತರಲೇಬೇಡಿ. ಅಂಕ ಬರೆಯುವವರು, ತೋಟೆ ಹಂಚುವವರು, ಹಿಂದೆ ನಿಂತ ಅಧಿಕಾರಿ ಎಲ್ಲರಿಗೂ ರಕ್ಷಣೆ ಬೇಕು. ದಿನದ ಕೊನೆಗೆ ಅತಿ ಹೆಚ್ಚು ಈಡು ಕೇಳಿದವರು ಅವರೇ.

ರೇಂಜಿನಲ್ಲಿ

ಒಳಗೆ ಹೋಗುವ ಮುಂಚೆಯೇ ಕಿವಿ ಮುಚ್ಚಿ, ಕೊನೆಯ ಕೋವಿ ಖಾಲಿಯಾಗಿ ತಪಾಸಣೆ ಮುಗಿದ ಮೇಲೆಯೇ ತೆಗೆಯಿರಿ. ಸಾಮಾನ್ಯವಾಗಿ ಆಗುವ ಎಡವಟ್ಟು ಇದು: ಗುಂಡು ಸಿಕ್ಕಿಹಾಕಿಕೊಂಡಿತು, ಪಕ್ಕದವರು ಏನೋ ಹೇಳಿದರು, ‘ಏನು?’ ಎಂದು ಒಂದು ಬಟ್ಟಲು ಎತ್ತಿದಿರಿ, ಅದೇ ಗಳಿಗೆಗೆ ಸಾಲಿನಲ್ಲಿ ಮೂರನೆಯವ ಹೊಡೆದ. ಕೇಳಲೇಬೇಕಿದ್ದರೆ ಕೋವಿಯ ಬಾಯಿ ಗುರಿಯ ಕಡೆಗೇ ಇಟ್ಟು ಕೈ ಎತ್ತಿ, ಅಧಿಕಾರಿಯೇ ನಿಮ್ಮ ಬಳಿ ಬರಲಿ. ಇನ್ನೊಂದೆರಡು ಜೊತೆ ಪ್ಲಗ್ ಜೇಬಿನಲ್ಲಿರಲಿ. ಮರೆತುಬಂದವರು ಒಬ್ಬರಾದರೂ ಇದ್ದೇ ಇರುತ್ತಾರೆ.

ದವಡೆ ಆಡಿಸಿದಷ್ಟೂ ಪ್ಲಗ್ ಸಡಿಲಾಗುತ್ತದೆ. ಕವಳ ಹಾಕುವವರು ಫೈರಿಂಗ್ ಮುಗಿಯುವವರೆಗೆ ತಡೆದುಕೊಳ್ಳಿ, ಇಲ್ಲವೇ ಪ್ರತಿ ಸರದಿಗೂ ಅಂಗೈ ಪರೀಕ್ಷೆ ಮಾಡಿಕೊಳ್ಳಿ.

ಉಪ್ಪುಗಾಳಿ, ಮಳೆಗಾಲ

ಬೆವರು, ತಲೆಯ ಎಣ್ಣೆ ಮೆತ್ತೆಯ ಹೊದಿಕೆಯನ್ನು ಗಡಸು ಮಾಡಿ ಬಿರಿಯಿಸುತ್ತವೆ. ಬಳಸಿದ ದಿನವೇ ಸೌಮ್ಯ ಸೋಪಿನ ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿ. ಸ್ಪಿರಿಟ್, ಪೆಟ್ರೋಲು ಬೇಡ. ಒಳ್ಳೆಯ ಮಫ್‌ಗಳಿಗೆ ಮೆತ್ತೆ ಮತ್ತು ಒಳಗಿನ ಸ್ಪಂಜು ಬೇರೆಯಾಗಿ ಸಿಗುತ್ತವೆ. ಹೆಚ್ಚು ಬಳಸುವವರು ಆರು ತಿಂಗಳಿಗೊಮ್ಮೆ ಬದಲಿಸಿ. ಬೆರಳಲ್ಲಿ ಒತ್ತಿದ ಗುಳಿ ತಕ್ಷಣ ಏಳದಿದ್ದರೆ, ಕೂದಲೆಳೆಯಷ್ಟು ಬಿರುಕು ಕಂಡರೆ, ಆರು ತಿಂಗಳು ಕಾಯಬೇಡಿ. ಕೊಳ್ಳುವಾಗಲೇ ‘ಬದಲಿ ಮೆತ್ತೆ ಸಿಗುತ್ತದೆಯೇ’ ಎಂದು ಕೇಳಿ, ಸಿಗದಿದ್ದರೆ ಆ ಮಫ್ ಎರಡು ಮಳೆಗಾಲದ ಸಾಮಾನು.

ತಲೆಪಟ್ಟಿಯನ್ನು ಹಿಗ್ಗಿಸಿ ಗೂಟಕ್ಕೆ ಸಿಕ್ಕಿಸಿದರೆ ಬಿಗಿ ಹೋಗುತ್ತದೆ. ಎಲೆಕ್ಟ್ರಾನಿಕ್ ಮಫ್‌ನ ಬ್ಯಾಟರಿಯನ್ನು ಬಳಸಿದ ದಿನವೇ ತೆಗೆಯಿರಿ. ಕಾರವಾರದಿಂದ ಭಟ್ಕಳದವರೆಗೆ ಕಡಲ ಬದಿಯ ಮನೆಗಳಲ್ಲಿ ಅದರ ತಗಡಿನ ತುದಿಗೆ ಹಸಿರು ಹಿಡಿಯಲು ಹೆಚ್ಚು ದಿನ ಬೇಡ. ಜೂನ್ ಹೊತ್ತಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲದ ಜೊತೆ ಇಡಿ. ಮಳೆಗಾಲದಲ್ಲಿ ಒಣಗಲೆಂದು ಹೊಗೆ ಅಟ್ಟಕ್ಕೆ ಏರಿಸುವ ರೂಢಿ ಅಡಿಕೆಗೆ ಸರಿ, ಮಫ್ಫಿಗೆ ಬೇಡ. ಮೆತ್ತೆ ಹಪ್ಪಳವಾಗುತ್ತದೆ.

ಕಿವಿ ಗುಂಯ್ ಎಂದರೆ

ಫೈರಿಂಗ್ ಮುಗಿಸಿ ಮನೆಗೆ ಬಂದ ಮೇಲೆ, ಜೀರುಂಡೆ ಇಲ್ಲದ ಕೋಣೆಯಲ್ಲಿ ಜೀರುಂಡೆ ಕೂಗಿದ ಹಾಗೆ ಕೇಳಿದರೆ, ಅಥವಾ ಕಿವಿಗೆ ಬಟ್ಟೆ ಕಟ್ಟಿದ ಹಾಗಾದರೆ, ಅಂದಿನ ರಕ್ಷಣೆ ಸಾಲಲಿಲ್ಲ ಎಂದೇ. ಬಹಳ ಸಲ ಒಂದೆರಡು ದಿನದಲ್ಲಿ ತಗ್ಗುತ್ತದೆ. ತಗ್ಗಿದ ಮಾತ್ರಕ್ಕೆ ಏನೂ ಆಗಿಲ್ಲ ಎಂದು ಹೇಳುವಂತಿಲ್ಲ. ಮರುದಿನವೂ ಕೇಳುವುದು ಮಂದವಾಗಿಯೇ ಇದ್ದರೆ, ಕಿವಿ ನೋವು, ರಕ್ತ, ತಲೆಸುತ್ತು ಇದ್ದರೆ ಕಾಯದೆ ಕಿವಿ-ಮೂಗು-ಗಂಟಲು ತಜ್ಞರ ಬಳಿ ಹೋಗಿ. ಇಂಥದ್ದಕ್ಕೆ ಔಷಧಿಯಿಂದ ಪ್ರಯೋಜನವಾಗುವುದಿದ್ದರೆ ಅದು ಮೊದಲ ಕೆಲವು ದಿನಗಳಲ್ಲಿ ಮಾತ್ರ. ಕಿವಿಗೆ ಬಿಸಿ ಎಣ್ಣೆ ಬಿಡುವ ಮನೆಮದ್ದು ಬೇಡ, ತಮಟೆ ಹರಿದಿದ್ದರೆ ಅನಾಹುತ.

ಕಾಲಕಾಲಕ್ಕೆ ಕೋವಿ ಹಿಡಿಯುವವರು ಆರಂಭದಲ್ಲೇ ಒಮ್ಮೆ ಆಡಿಯೋಗ್ರಾಂ (ಕೇಳುವ ಶಕ್ತಿಯನ್ನು ಗೆರೆಯಲ್ಲಿ ತೋರಿಸುವ ಪರೀಕ್ಷೆ) ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ. ಜಿಲ್ಲೆಯವರು ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಕಿವಿ ವಿಭಾಗದಲ್ಲಿ ವಿಚಾರಿಸಬಹುದು. ಹಿಂದಿನ ದಿನ ಫೈರಿಂಗ್ ಇರಬಾರದು, ಇದ್ದರೆ ಫಲಿತಾಂಶ ತಪ್ಪುತ್ತದೆ. ಗೆರೆ 4000 ಹರ್ಟ್ಸ್ ಸುತ್ತ ಹೊಂಡಕ್ಕೆ ಇಳಿದಂತೆ ಕುಸಿದು 8000ದಲ್ಲಿ ಮತ್ತೆ ಏರಿದ್ದರೆ ಅದು ಸದ್ದಿನ ಪೆಟ್ಟಿನ ಗುರುತು. ಮಾತಿನಲ್ಲಿ ಇದು ಮೊದಲು ಕಾಣುವುದು ‘ಸ’, ‘ಶ’, ‘ತ’ದಂತಹ ಅಕ್ಷರಗಳಲ್ಲಿ: ಜನ ಗೊಣಗುತ್ತಾರೆ ಅನ್ನಿಸತೊಡಗುತ್ತದೆ, ಅದರಲ್ಲೂ ಮದುವೆ ಮನೆಯ ಗದ್ದಲದಲ್ಲಿ. ಆಡಿಯೋಗ್ರಾಂ ಕಾಗದವನ್ನು ಕೋವಿಯ ಲೈಸೆನ್ಸಿನ ಜೊತೆಗೇ ಇಟ್ಟುಕೊಳ್ಳಿ. ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಬರುತ್ತದೆ, ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಲು ಹೇಗೂ ಆ ಕಡತ ತೆಗೆಯಲೇಬೇಕು. ಆಗ ಹಳೆಯ ಗೆರೆಯನ್ನೂ ಹೊಸ ಗೆರೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ, ಎಡಗಿವಿಯದ್ದನ್ನು ಮೊದಲು.